ನಿದಾನವೇ ಮೊದಲ ಮದ್ದು

ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗೆ ಸಲ್ಲುವ ಗೌರವ ನಿದಾನಕ್ಕೆ ಸಲ್ಲುವುದು ವಿರಳ. ರೋಗಿಯನ್ನು ಬದುಕಿಸಿದ ಔಷಧದ ಹೆಸರು ಊರೆಲ್ಲ ಹರಡುತ್ತದೆ. ಆ ಔಷಧವನ್ನೇ ಕೊಡಬೇಕೆಂದು ತಿಳಿಸಿದ ಪರೀಕ್ಷೆಯ ಹೆಸರು ಪ್ರಯೋಗಶಾಲೆಯ ಹೊಸ್ತಿಲನ್ನೂ ದಾಟುವುದಿಲ್ಲ. ಪ್ರಾಚೀನ ಭಾರತದ ವೈದ್ಯರು ಹೀಗೆ ಭಾವಿಸಿದವರಲ್ಲ. ರೋಗಗಳ ಕಾರಣ ಮತ್ತು ಲಕ್ಷಣಗಳನ್ನು ಗುರುತಿಸುವ ವಿಷಯಕ್ಕೇ ಮೀಸಲಾದ ಒಂದು ಗ್ರಂಥವನ್ನು ಮಾಧವಕರನು ರಚಿಸಿದನು. ಅದು ‘ಮಾಧವನಿದಾನ’ವೆಂದೇ ಪ್ರಸಿದ್ಧವಾಯಿತು. ರೋಗ ಯಾವುದೆಂದು ತಿಳಿಯದೆ ಮದ್ದು ಕೊಡುವವನ ಅವಿವೇಕವನ್ನು ಹಳ್ಳಿಯ ಜನವೂ ಬಲ್ಲರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಹುಟ್ಟಿರುವುದು ಅದಕ್ಕಾಗಿಯೇ. ಹೀಗೆ ಪಂಡಿತರೂ ಪಾಮರರೂ ಒಪ್ಪಿದ ಈ ಸತ್ಯವು ಬಡ ದೇಶಗಳ ಆಸ್ಪತ್ರೆಗಳಲ್ಲಿ ಇಂದಿಗೂ ಪೂರ್ಣವಾಗಿ ಆಚರಣೆಗೆ ಬಂದಿಲ್ಲ. ಕ್ಷಯದಂತೆ ತೋರುವ, ಆದರೆ ಕ್ಷಯವಲ್ಲದ ಶ್ವಾಸಕೋಶದ ರೋಗಗಳ ವಿಷಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ.

ಆಯುರ್ವೇದವು ರಾಜಯಕ್ಷ್ಮವೆಂದು ಕರೆದ ಕ್ಷಯರೋಗದ ಕ್ರೌರ್ಯವನ್ನು ಯಾರೂ ಅಲ್ಲಗಳೆಯಲಾರರು. 2023ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನರು ಈ ರೋಗಕ್ಕೆ ತುತ್ತಾದರೆಂದೂ ಸುಮಾರು 12 ಲಕ್ಷ 50 ಸಾವಿರ ಜನರು ಮಡಿದರೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಭಾರತೀಯರು. ಆದುದರಿಂದ ತಿಂಗಳುಗಟ್ಟಲೆ ಕೆಮ್ಮು, ಸಂಜೆಯ ಜ್ವರ, ಇಳಿಯುತ್ತಿರುವ ತೂಕ, ಕಫದಲ್ಲಿ ರಕ್ತ ಎಂಬ ಲಕ್ಷಣಗಳನ್ನು ಹೊತ್ತು ರೋಗಿಯೊಬ್ಬನು ಬಂದಾಗ ವೈದ್ಯನಿಗೆ ಮೊದಲು ಕ್ಷಯದ ನೆನಪಾಗುವುದು ಸಹಜವೂ ಹೌದು, ಉಚಿತವೂ ಹೌದು. ತಪ್ಪಿರುವುದು ಮೊದಲು ಕ್ಷಯವನ್ನು ನೆನೆಯುವುದರಲ್ಲಿ ಅಲ್ಲ. ಅಲ್ಲಿಗೇ ಆಲೋಚನೆಯನ್ನು ನಿಲ್ಲಿಸುವುದರಲ್ಲಿ.

ಆಲೋಚನೆ ಅಲ್ಲಿಗೇ ನಿಲ್ಲಲು ಒಂದು ಚಾರಿತ್ರಿಕ ಕಾರಣವುಂಟು. 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಕ್ ಎಂಬ ವಿಜ್ಞಾನಿ ಕ್ಷಯಕ್ಕೆ ಕಾರಣವಾದ ದಂಡಾಣುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದನು. ಅದರ ಬೆನ್ನಲ್ಲೇ ಜೀಲ್ ಮತ್ತು ನೀಲ್ಸನ್ ಎಂಬ ಜರ್ಮನ್ ವಿಜ್ಞಾನಿಗಳು ಆ ದಂಡಾಣುವನ್ನು ಬಣ್ಣದಿಂದ ಗುರುತಿಸುವ ವಿಧಾನವನ್ನು ಪರಿಷ್ಕರಿಸಿದರು. ಗಾಜಿನ ಪಟ್ಟಿಯ ಮೇಲೆ ಕಫವನ್ನು ತೆಳ್ಳಗೆ ಸವರಿ, ಕೆಂಪು ಬಣ್ಣವನ್ನು ಹಾಕಿ ಕಾಯಿಸಿ, ಅನಂತರ ಆಮ್ಲದಿಂದ ತೊಳೆಯುತ್ತಾರೆ. ಇತರ ಜೀವಾಣುಗಳು ಬಣ್ಣವನ್ನು ಬಿಟ್ಟುಕೊಡುತ್ತವೆ. ಕ್ಷಯದ ದಂಡಾಣು ಮೇಣದಂಥ ಕವಚವನ್ನು ಹೊಂದಿರುವುದರಿಂದ ಹಿಡಿದ ಬಣ್ಣವನ್ನು ಬಿಡುವುದಿಲ್ಲ. ಕೊನೆಗೆ ನೀಲಿಯ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತೆ ಅವು ಸೂಕ್ಷ್ಮದರ್ಶಕದಲ್ಲಿ ಗೋಚರಿಸುತ್ತವೆ. ಅಗ್ಗವೂ ಸುಲಭವೂ ಆದ ಈ ಪರೀಕ್ಷೆ ನೂರು ವರ್ಷಗಳಿಗೂ ಮಿಕ್ಕಿ ಬಡ ದೇಶಗಳಿಗೆ ಆಸರೆಯಾಯಿತು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧನೆಗಳ ಆಧಾರದ ಮೇಲೆ 1962ರಲ್ಲಿ ಭಾರತದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಾಗ, ಹಳ್ಳಿಯ ಆರೋಗ್ಯ ಕೇಂದ್ರದ ಸೂಕ್ಷ್ಮದರ್ಶಕವೇ ಅದರ ಕಣ್ಣಾಯಿತು. ಆ ಕಾಲಕ್ಕೆ ಅದು ದೂರದೃಷ್ಟಿಯ ನಿರ್ಧಾರವೇ ಸರಿ.

ಆದರೆ ಈ ಕಣ್ಣಿಗೆ ಎರಡು ಕೊರತೆಗಳಿವೆ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ದಂಡಾಣುಗಳಾದರೂ ಇಲ್ಲದಿದ್ದರೆ ಅವು ಇದಕ್ಕೆ ಕಾಣಿಸುವುದಿಲ್ಲ. ಇದು ಮೊದಲನೆಯ ಕೊರತೆ. ಎರಡನೆಯದು ಇನ್ನೂ ಸೂಕ್ಷ್ಮವಾದುದು. ದೂರದಿಂದ ನೋಡುವವನಿಗೆ ಒಂದೇ ಸಮವಸ್ತ್ರ ತೊಟ್ಟ ಮಕ್ಕಳು ಒಂದೇ ಶಾಲೆಯವರೆಂದು ತಿಳಿಯುತ್ತದೆಯೇ ಹೊರತು ಯಾವ ಮಗು ಯಾರೆಂದು ತಿಳಿಯದು. ಅದೇ ರೀತಿಯಲ್ಲಿ, ಆಮ್ಲಕ್ಕೆ ಬಣ್ಣ ಬಿಡದ ಕೆಂಪು ಕಡ್ಡಿಯು ಮೈಕೊಬ್ಯಾಕ್ಟೀರಿಯವೆಂಬ ಕುಲಕ್ಕೆ ಸೇರಿದ್ದೆಂಬುದನ್ನು ಸೂಕ್ಷ್ಮದರ್ಶಕ ಸೂಚಿಸುತ್ತದೆ. ಆ ಕುಲದಲ್ಲಿ ಅದು ಯಾವುದೆಂದು ತಿಳಿಸುವುದಿಲ್ಲ. ಆ ಕುಲವಾದರೋ ಬಹು ದೊಡ್ಡದು. ಕ್ಷಯದ ಮತ್ತು ಕುಷ್ಠದ ದಂಡಾಣುಗಳಲ್ಲದೆ ಸುಮಾರು 200 ಪ್ರಭೇದಗಳು ಅದರಲ್ಲಿವೆ. ಇವನ್ನು ಕ್ಷಯೇತರ ಮೈಕೊಬ್ಯಾಕ್ಟೀರಿಯಗಳೆಂದು ಕರೆಯುವುದು ರೂಢಿ. ಮಣ್ಣು, ಧೂಳು, ಕೆರೆಯ ನೀರು, ನಲ್ಲಿಯ ಕೊಳವೆಗಳ ಒಳಮೈ ಇವುಗಳ ನೆಲೆ. 1959ರಲ್ಲಿ ಅರ್ನೆಸ್ಟ್ ರನಿಯನ್ ಎಂಬ ವಿಜ್ಞಾನಿ ಬೆಳೆಯುವ ವೇಗ ಮತ್ತು ತಳೆಯುವ ಬಣ್ಣಗಳನ್ನು ಆಧರಿಸಿ ಇವನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದನು.

ಆರೋಗ್ಯವಂತರ ದೇಹದಲ್ಲಿ ಇವು ಸಾಮಾನ್ಯವಾಗಿ ಏನನ್ನೂ ಮಾಡಲಾರವು. ಆದರೆ ಹಿಂದೊಮ್ಮೆ ಕ್ಷಯದಿಂದಲೋ, ಗಣಿಯ ಧೂಳಿನಿಂದಲೋ ಶ್ವಾಸಕೋಶ ಜರ್ಜರಿತವಾಗಿದ್ದರೆ, ಅಥವಾ ದೇಹದ ರಕ್ಷಣಾಶಕ್ತಿ ಕುಗ್ಗಿದ್ದರೆ, ಇವು ಅಲ್ಲಿ ಬೇರೂರುತ್ತವೆ. ಆಗ ಹುಟ್ಟುವ ರೋಗವು ಲಕ್ಷಣಗಳಲ್ಲಿಯೂ ಕ್ಷ-ಕಿರಣ ಚಿತ್ರದಲ್ಲಿಯೂ ಕ್ಷಯದ ತದ್ರೂಪದಂತಿರುತ್ತದೆ. ವ್ಯತ್ಯಾಸವೆಲ್ಲ ಇರುವುದು ಔಷಧಕ್ಕೆ ಮಣಿಯುವ ಬಗೆಯಲ್ಲಿ. ಮೈಕೊಬ್ಯಾಕ್ಟೀರಿಯಂ ಅಬ್ಸೆಸಸ್‌ನಂಥ ಪ್ರಭೇದಗಳಿಗೆ ಕ್ಷಯದ ಪ್ರಮುಖ ಔಷಧಗಳು ತಗಲುವುದೇ ಇಲ್ಲ. ಏವಿಯಂ ಎಂಬ ಗುಂಪಿನ ಜೀವಾಣುಗಳಿಗೆ ಅಜಿತ್ರೊಮೈಸಿನ್‌ನಂಥ ಬೇರೆ ಔಷಧವನ್ನು ಮುಖ್ಯವಾಗಿಟ್ಟುಕೊಂಡು, ಕಫ ಶುದ್ಧವಾದ ಮೇಲೆಯೂ ಹನ್ನೆರಡು ತಿಂಗಳ ಕಾಲ ಚಿಕಿತ್ಸೆ ಮುಂದುವರಿಸಬೇಕಾಗುತ್ತದೆ. ಕನ್ಸಾಸಿ ಎಂಬ ಇನ್ನೊಂದು ಪ್ರಭೇದವಾದರೋ ಕ್ಷಯದ ಔಷಧವಾದ ರಿಫಾಂಪಿಸಿನ್‌ಗೆ ಸಾಮಾನ್ಯವಾಗಿ ಮಣಿಯುತ್ತದೆ. ಆದುದರಿಂದ ‘ಕ್ಷಯವಲ್ಲ’ ಎಂದರೆ ಸಾಲದು. ಯಾವ ಪ್ರಭೇದವೆಂದು ಹೆಸರಿಟ್ಟು ಗುರುತಿಸಿದರೆ ಮಾತ್ರ ಚಿಕಿತ್ಸೆಗೆ ದಾರಿ ತೆರೆಯುತ್ತದೆ.

ಇಲ್ಲಿ ಔಷಧ ಪ್ರತಿರೋಧವೆಂಬ ಮಾತಿನ ಎರಡು ಅರ್ಥಗಳನ್ನು ಬೇರ್ಪಡಿಸುವುದು ಅಗತ್ಯ. ಕ್ಷಯದ ದಂಡಾಣುವಿನ ಪ್ರತಿರೋಧವು ಗಳಿಸಿಕೊಂಡದ್ದು. ಚಿಕಿತ್ಸೆ ಅರ್ಧಕ್ಕೆ ನಿಂತಾಗ, ಪ್ರಮಾಣ ತಪ್ಪಿದಾಗ, ಔಷಧವನ್ನು ತಡೆದುಕೊಳ್ಳುವ ಕೆಲವು ದಂಡಾಣುಗಳು ಉಳಿದು ಬೆಳೆಯುತ್ತವೆ. ಆ ಬಳಿಕ ಅವು ಒಬ್ಬರಿಂದ ಇನ್ನೊಬ್ಬರಿಗೂ ಹರಡುತ್ತವೆ. 2023ರಲ್ಲಿ ಜಗತ್ತಿನಲ್ಲಿ ಸುಮಾರು 4 ಲಕ್ಷ ಜನರಿಗೆ ಇಂಥ ಕ್ಷಯ ತಗಲಿತೆಂಬ ಅಂದಾಜಿದೆ. ಕ್ಷಯೇತರ ಜೀವಾಣುಗಳಲ್ಲಿ ಹಲವದರ ಪ್ರತಿರೋಧವಾದರೋ ಹುಟ್ಟಿನಿಂದ ಬಂದದ್ದು. ಹೊರಗಿನಿಂದ ನೋಡಿದರೆ ಎರಡರ ಫಲವೂ ಒಂದೇ: ಐದಾರು ತಿಂಗಳು ಮಾತ್ರೆ ನುಂಗಿದರೂ ಕಫದಲ್ಲಿ ಕೆಂಪು ಕಡ್ಡಿಗಳು ಮಾಯವಾಗಿರುವುದಿಲ್ಲ. ಆಗ ಸೂಕ್ಷ್ಮದರ್ಶಕವೊಂದನ್ನೇ ನಂಬಿದ ಆಸ್ಪತ್ರೆಯು ರೋಗಿಗೆ ಔಷಧ ಪ್ರತಿರೋಧಿ ಕ್ಷಯವಿದೆಯೆಂದು ತೀರ್ಮಾನಿಸಿಬಿಡುತ್ತದೆ. ಆಫ್ರಿಕ ಖಂಡದ ಮಾಲಿ, ನೈಜೀರಿಯ, ಜಾಂಬಿಯ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಕ್ಷಯವೆಂದು ಶಂಕಿಸಲಾದ ಅಥವಾ ಕ್ಷಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಕೆಲವರ ಕಫದಲ್ಲಿ ಕ್ಷಯೇತರ ಜೀವಾಣುಗಳು ದೊರೆತಿವೆ.

ಈ ತೀರ್ಮಾನದಲ್ಲಿ ಅಡಗಿರುವ ತರ್ಕದೋಷವನ್ನು ಗಮನಿಸಬೇಕು. ದಂಡಾಣು ಪ್ರತಿರೋಧ ಗಳಿಸಿದ್ದರೆ ಔಷಧ ಫಲಿಸುವುದಿಲ್ಲವೆಂಬುದು ನಿಜ. ಆದರೆ ಔಷಧ ಫಲಿಸಲಿಲ್ಲವಾದ್ದರಿಂದ ಅದು ಪ್ರತಿರೋಧ ಗಳಿಸಿದ ಕ್ಷಯವೇ ಆಗಿರಬೇಕೆಂಬುದು ನಿಜವಲ್ಲ. ಗೊಬ್ಬರ ಸಾಲದಿದ್ದರೆ ಪೈರು ಹಳದಿಯಾಗುತ್ತದೆ. ಹಾಗೆಂದು ಹಳದಿಯಾದ ಪೈರಿಗೆಲ್ಲ ಗೊಬ್ಬರವನ್ನೇ ಸುರಿಯುವ ರೈತನುಂಟೇ? ನೀರು ನಿಂತಿದೆಯೇ, ಬೇರಿಗೆ ಹುಳು ಹತ್ತಿದೆಯೇ ಎಂದು ಅವನು ಬುಡವನ್ನು ಕೆದಕಿ ನೋಡುತ್ತಾನೆ. ಪೈರಿನ ವಿಷಯದಲ್ಲಿ ತೋರುವ ಈ ವಿವೇಕವು ಮನುಷ್ಯನ ಪ್ರಾಣದ ವಿಷಯದಲ್ಲಿ ಬೇಡವೆನ್ನಲಾಗದು.

ತಪ್ಪು ತೀರ್ಮಾನದ ಬೆಲೆಯನ್ನು ತೆರುವವನು ರೋಗಿ. ಔಷಧ ಪ್ರತಿರೋಧಿ ಕ್ಷಯದ ಚಿಕಿತ್ಸೆ ಹಿಂದೆ ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳು ಹಿಡಿಯುತ್ತಿತ್ತು. ಅದರಲ್ಲಿ ಬಳಸುತ್ತಿದ್ದ ಕೆಲವು ಚುಚ್ಚುಮದ್ದುಗಳಿಂದ ಹಲವರು ಕಿವುಡರಾದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆರು ತಿಂಗಳ ಹೊಸ ಚಿಕಿತ್ಸಾಕ್ರಮವನ್ನು ಶಿಫಾರಸು ಮಾಡಿದ್ದು ದೊಡ್ಡ ಉಪಕಾರವೇ ಆದರೂ, ಅದರಲ್ಲಿರುವ ಲಿನೆಜೊಲಿಡ್ ರಕ್ತವನ್ನೂ ನರಗಳನ್ನೂ ಬಾಧಿಸಬಲ್ಲುದು. ಕ್ಷಯವೇ ಇಲ್ಲದವನು ಇಂಥ ಔಷಧಗಳ ಕಷ್ಟವನ್ನೆಲ್ಲ ಅನುಭವಿಸಿಯೂ ಗುಣ ಹೊಂದುವ ಭರವಸೆ ಇರುವುದಿಲ್ಲ. ಕೂಲಿಯಿಂದ ಬದುಕುವವನಿಗೆ ಆಸ್ಪತ್ರೆಗೆ ಅಲೆಯುವ ಒಂದೊಂದು ದಿನವೂ ಒಲೆ ಉರಿಯದ ದಿನ. ಇದರ ಜೊತೆಗೆ ಕ್ಷಯವೆಂಬ ಹೆಸರು ಹತ್ತಿದೊಡನೆ ಮನೆಯಲ್ಲಿಯೇ ಅವನ ತಟ್ಟೆ ಲೋಟಗಳು ಬೇರೆಯಾಗುತ್ತವೆ. ಕ್ಷಯರೋಗಿಯನ್ನೇ ಹಾಗೆ ಕಾಣುವುದು ಅನ್ಯಾಯ. ಸಾಮಾನ್ಯವಾಗಿ ಒಬ್ಬರಿಂದ ಇನ್ನೊಬ್ಬರಿಗೆ ಹರಡದ ಕ್ಷಯೇತರ ರೋಗವುಳ್ಳವನನ್ನು ಹಾಗೆ ಕಾಣುವುದಂತೂ ಅರ್ಥವೇ ಇಲ್ಲದ ಶಿಕ್ಷೆ.

ಕಫದಲ್ಲಿ ಕೆಂಪು ಕಡ್ಡಿಗಳು ಕಾಣದಿದ್ದಾಗ ಆಗುವ ತಪ್ಪು ಬೇರೊಂದು ಬಗೆಯದು. ಕ್ಷ-ಕಿರಣ ಚಿತ್ರದಲ್ಲಿ ಕಲೆಯಿದೆ, ಕೆಮ್ಮಿದೆ, ಜ್ವರವಿದೆ. ಆದುದರಿಂದ ಕ್ಷಯವೆಂದು ಚಿಕಿತ್ಸೆ ಆರಂಭವಾಗುತ್ತದೆ. 1911ರ ಸುಮಾರಿಗೆ ರಂಗೂನಿನಲ್ಲಿ ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಎಂಬ ವೈದ್ಯರು ಗುರುತಿಸಿದ ಮೆಲಿಯಾಯ್ಡೋಸಿಸ್ ಎಂಬ ರೋಗ ಇಂಥ ಸಂದರ್ಭಗಳಲ್ಲಿ ಮರೆಯಾಗಿ ಉಳಿಯುತ್ತದೆ. ಇದರ ಜೀವಾಣು ತೇವದ ಮಣ್ಣಿನಲ್ಲಿ, ಗದ್ದೆಯ ನೀರಿನಲ್ಲಿ ಬದುಕುತ್ತದೆ. ಮಳೆಗಾಲದಲ್ಲಿ, ಮಧುಮೇಹವುಳ್ಳವರನ್ನು ಹೆಚ್ಚಾಗಿ ಪೀಡಿಸುತ್ತದೆ. ಕರ್ನಾಟಕದ ಕರಾವಳಿಯಲ್ಲಿ, ವಿಶೇಷವಾಗಿ ಉಡುಪಿಯ ಆಸುಪಾಸಿನಲ್ಲಿ, ಮಣಿಪಾಲದ ವೈದ್ಯರು ಇಂಥ ರೋಗಿಗಳನ್ನು ವರ್ಷ ವರ್ಷವೂ ಗುರುತಿಸುತ್ತ ಬಂದಿದ್ದಾರೆ. ಪೆನಿಸಿಲಿನ್ ಮೊದಲಾದ ಹಲವು ಸಾಮಾನ್ಯ ಔಷಧಗಳಿಗೆ ಇದು ಮಣಿಯದು. ಕ್ಷಯದ ಔಷಧಗಳಿಂದಲೂ ಗುಣವಾಗದು. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಎಂಬ ಔಷಧವನ್ನು ಕಡಮೆಯೆಂದರೆ ಎರಡು ವಾರ ರಕ್ತನಾಳದ ಮೂಲಕ ಕೊಟ್ಟು, ಅನಂತರ ತಿಂಗಳುಗಟ್ಟಲೆ ಮಾತ್ರೆಗಳನ್ನು ಕೊಡಬೇಕು. 2016ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರು ಈ ರೋಗಕ್ಕೆ ಗುರಿಯಾಗುತ್ತಾರೆ. ಸುಮಾರು 89,000 ಜನರು ಸಾಯುತ್ತಾರೆ. ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕೊಲ್ಲುವ ಈ ರೋಗದಲ್ಲಿ ನಿದಾನವು ನಿಧಾನವಾದರೆ ಚಿಕಿತ್ಸೆಗೆ ಅವಕಾಶವೇ ಉಳಿಯುವುದಿಲ್ಲ.

ಪಟ್ಟಿ ಇಲ್ಲಿಗೇ ಮುಗಿಯುವುದಿಲ್ಲ. ಕ್ಷಯ ಗುಣವಾದ ಮೇಲೆ ಶ್ವಾಸಕೋಶದಲ್ಲಿ ಉಳಿದ ಪೊಳ್ಳುಗಳಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆದು, ಕ್ಷಯವೇ ಮರುಕಳಿಸಿತೆಂಬ ಭ್ರಮೆ ಹುಟ್ಟಿಸುತ್ತದೆ. ಮಣಿಪುರ ಮೊದಲಾದ ಈಶಾನ್ಯ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಏಡಿಯ ಮೂಲಕ ದೇಹ ಸೇರುವ ಶ್ವಾಸಕೋಶದ ಹುಳುವೂ ರಕ್ತಮಿಶ್ರಿತ ಕಫವನ್ನೇ ತರಿಸುತ್ತದೆ. ಅದಕ್ಕೆ ಬೇಕಾದದ್ದು ತಿಂಗಳುಗಟ್ಟಲೆಯ ಚಿಕಿತ್ಸೆಯಲ್ಲ. ಪ್ರಾಜಿಕ್ವಾಂಟೆಲ್ ಎಂಬ ಮದ್ದು ಕೆಲವೇ ದಿನಗಳಲ್ಲಿ ಅದನ್ನು ನಿವಾರಿಸುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ ರಕ್ತ ಕಾಣಿಸಿದ ಕೆಮ್ಮೆಲ್ಲ ಕ್ಷಯವಲ್ಲ.

ಇದಕ್ಕೆ ಪ್ರತಿಯಾಗಿ ಒಂದು ವಾದವುಂಟು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಡ ದೇಶದ ಬೊಕ್ಕಸಕ್ಕೆ ಮಿತಿಯಿದೆ. ಕ್ಷಯವೇ ಅಲ್ಲಿ ಎಲ್ಲಕ್ಕಿಂತ ಮಿಗಿಲಾದ ಶತ್ರು. ಕೆಮ್ಮುವವರಲ್ಲಿ ಕೆಂಪು ಕಡ್ಡಿ ಕಂಡವರನ್ನೆಲ್ಲ ಕ್ಷಯರೋಗಿಗಳೆಂದು ತಿಳಿದರೆ ಹೆಚ್ಚಿನ ಸಲ ಅದು ಸರಿಯೇ ಆಗಿರುತ್ತದೆ. ಹೀಗಿರುವಾಗ ಅಪರೂಪದ ರೋಗಗಳನ್ನು ಹುಡುಕುವುದು ಬೆಟ್ಟ ಅಗೆದು ಇಲಿ ಹಿಡಿದಂತಾಗದೇ? ಆ ಹಣದಿಂದ ಇನ್ನಷ್ಟು ಕ್ಷಯರೋಗಿಗಳಿಗೆ ಔಷಧ ಕೊಡಬಾರದೇ? ಅಲ್ಲದೆ, ನೀರಿನಲ್ಲಿ ಧೂಳಿನಲ್ಲಿ ಎಲ್ಲೆಲ್ಲೂ ಇರುವ ಜೀವಾಣುವೊಂದು ಕಫದ ಸೀಸೆಯಲ್ಲಿ ಕಾಣಿಸಿತೆಂದು ಕ್ಷಯದ ಚಿಕಿತ್ಸೆಯನ್ನು ನಿಲ್ಲಿಸಿದರೆ ನಿಜವಾದ ಕ್ಷಯರೋಗಿಯೇ ಸಾಯಬಹುದಲ್ಲವೇ?

ಈ ಆಕ್ಷೇಪಣೆಯ ಕೊನೆಯ ಭಾಗದಲ್ಲಿ ತಥ್ಯವಿದೆ. ಅದಕ್ಕಾಗಿಯೇ ವೈದ್ಯಶಾಸ್ತ್ರವು ಕಟ್ಟುನಿಟ್ಟಾದ ನಿಯಮವೊಂದನ್ನು ಇಟ್ಟುಕೊಂಡಿದೆ. ರೋಗಲಕ್ಷಣವಿರಬೇಕು, ಶ್ವಾಸಕೋಶದ ಚಿತ್ರದಲ್ಲಿ ಅದಕ್ಕೆ ತಕ್ಕ ಗುರುತಿರಬೇಕು, ಬೇರೆ ಬೇರೆಯಾಗಿ ಸಂಗ್ರಹಿಸಿದ ಕಫವನ್ನು ಬೆಳೆಸಿ ನೋಡಿದಾಗ ಕಡಮೆಯೆಂದರೆ ಎರಡು ಸಲ ಅದೇ ಪ್ರಭೇದ ದೊರೆಯಬೇಕು. ಒಂದು ಸಾಕ್ಷಿಯಿಂದ ತೀರ್ಪು ಕೊಡದ ನ್ಯಾಯಾಧೀಶನ ಎಚ್ಚರ ಇದು. ಉಳಿದ ಭಾಗಕ್ಕೆ ಉತ್ತರವೆಂದರೆ, ಕೆಮ್ಮಿದವರಿಗೆಲ್ಲ ಎಲ್ಲ ಪರೀಕ್ಷೆಗಳನ್ನೂ ಮಾಡಬೇಕೆಂದು ಯಾರೂ ಕೇಳುತ್ತಿಲ್ಲ. ಪರೀಕ್ಷೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರೆ ಸಾಕು.

ಮೊದಲ ಮೆಟ್ಟಿಲಿಗೆ ಬೇಕಾದ ಸಾಧನ ಈಗಾಗಲೇ ದೊರೆತಿದೆ. ಕ್ಷಯದ ದಂಡಾಣುವಿನ ವಂಶವಾಹಿಯನ್ನೇ ಗುರುತಿಸಿ, ಅದು ರಿಫಾಂಪಿಸಿನ್‌ಗೆ ಮಣಿಯುವುದೇ ಇಲ್ಲವೇ ಎಂಬುದನ್ನೂ ಸುಮಾರು ಎರಡು ಗಂಟೆಗಳಲ್ಲಿ ತಿಳಿಸುವ ಜೀನ್‌ಎಕ್ಸ್‌ಪರ್ಟ್ ಯಂತ್ರದ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅನುಮೋದಿಸಿತು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯಲ್ಲಿ ನಡೆದ ಸಂಶೋಧನೆಯಿಂದ ರೂಪುಗೊಂಡ, ಬ್ಯಾಟರಿಯಿಂದಲೂ ನಡೆಯಬಲ್ಲ ಟ್ರೂನ್ಯಾಟ್ ಎಂಬ ಚಿಕ್ಕ ಯಂತ್ರಕ್ಕೆ 2020ರಲ್ಲಿ ಅದೇ ಮನ್ನಣೆ ದೊರೆಯಿತು. ಸೂಕ್ಷ್ಮದರ್ಶಕವು ಕೆಂಪು ಕಡ್ಡಿಗಳಿವೆಯೆಂದು ಹೇಳಿ, ಈ ಯಂತ್ರವು ಕ್ಷಯದ ದಂಡಾಣುವಿಲ್ಲವೆಂದು ಹೇಳಿದರೆ, ಆ ಎರಡು ಮಾತುಗಳ ಭಿನ್ನತೆಯೇ ಬೇರೊಂದು ಪ್ರಭೇದದ ಕಡೆಗೆ ಬೆರಳು ತೋರುತ್ತದೆ. ಅಂಥವರ ಮತ್ತು ಔಷಧ ಫಲಿಸದವರ ಕಫವನ್ನು ಮಾತ್ರ ಎರಡನೆಯ ಮೆಟ್ಟಿಲಿಗೆ, ಎಂದರೆ ಜೀವಾಣುವನ್ನು ಬೆಳೆಸಿ ಪ್ರಭೇದವನ್ನು ಹೆಸರಿಸಬಲ್ಲ ಪ್ರಯೋಗಶಾಲೆಗೆ ಕಳುಹಿಸಬೇಕು. ಬೆಳೆದ ಜೀವಾಣು ಕ್ಷಯದ್ದೋ ಅಲ್ಲವೋ ಎಂಬುದನ್ನು ಸುಮಾರು ಹದಿನೈದು ನಿಮಿಷಗಳಲ್ಲಿ ತೋರಿಸುವ ಸುಲಭವಾದ ಪಟ್ಟಿಪರೀಕ್ಷೆಯೂ ಇದೆ. ತಪ್ಪು ಚಿಕಿತ್ಸೆಗೆ ತಿಂಗಳುಗಟ್ಟಲೆ ಸುರಿಯುವ ದುಬಾರಿ ಔಷಧವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ವೆಚ್ಚವು ಉಳಿತಾಯವೇ ಹೊರತು ದುಂದಲ್ಲ.

ಕೊರತೆಯಿರುವುದು ಯಂತ್ರಗಳಲ್ಲಷ್ಟೇ ಅಲ್ಲ. ಯಂತ್ರಕ್ಕೆ ಬೇಕಾದ ಸಾಮಗ್ರಿ ಸಕಾಲಕ್ಕೆ ತಲುಪಬೇಕು. ಅದನ್ನು ನಡೆಸುವ ಕೈ ನುರಿತಿರಬೇಕು. ಕಫದ ಸೀಸೆ ಜಿಲ್ಲೆಯ ಪ್ರಯೋಗಶಾಲೆಯನ್ನು ಕೆಡದೆ ಮುಟ್ಟಬೇಕು. ಅಲ್ಲಿಂದ ಬಂದ ಉತ್ತರ ಕಡತದಲ್ಲಿ ಮಲಗದೆ ರೋಗಿಯ ಹಾಸಿಗೆಯ ಬಳಿ ಸೇರಬೇಕು. ಯಂತ್ರವನ್ನು ಉದ್ಘಾಟಿಸುವುದು ಒಂದು ದಿನದ ಕೆಲಸ. ಈ ವ್ಯವಸ್ಥೆಯನ್ನು ನಡೆಸಿಕೊಂಡು ಹೋಗುವುದು ಪ್ರತಿದಿನದ ಕೆಲಸ. ಸರ್ಕಾರಗಳ ಸಂಕಲ್ಪಬಲ ಪರೀಕ್ಷೆಗೆ ಒಳಗಾಗುವುದು ಎರಡನೆಯದರಲ್ಲಿಯೇ.

ರೋಗಿಗಳ ಅಜ್ಞಾನವೇ ಎಲ್ಲಕ್ಕೂ ಮೂಲವೆಂದು ದೂರುವವರು ಕರ್ನಾಟಕದಲ್ಲಿಯೇ ನಡೆದ ಒಂದು ಅಧ್ಯಯನವನ್ನು ನೆನೆಯುವುದು ಒಳ್ಳೆಯದು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಆ ಅಧ್ಯಯನವು, ಕ್ಷಯರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ದೇಹದ ತೊಂದರೆಯ ಅರಿವಿತ್ತೆಂದೂ ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರೆಂದೂ ತೋರಿಸಿತು. ಹಳ್ಳಿಯವನು ತನ್ನ ಕೆಲಸವನ್ನು ಮಾಡಿದ್ದನು. ತನ್ನ ಕೆಮ್ಮನ್ನು ವೈದ್ಯರ ಬಾಗಿಲಿಗೆ ಒಯ್ದಿದ್ದನು. ಅದಕ್ಕೆ ಸರಿಯಾದ ಹೆಸರನ್ನು ಹೇಳುವ ಹೊಣೆ ಬಾಗಿಲಿನ ಒಳಗಿದ್ದವರದು. ಅಂದು ಕ್ಷಯದ ವಿಷಯದಲ್ಲಿ ನಿಜವಾದ ಈ ಮಾತು ಇಂದು ಕ್ಷಯವನ್ನು ಹೋಲುವ ರೋಗಗಳ ವಿಷಯದಲ್ಲಿಯೂ ನಿಜ.

ಶ್ರೀಮಂತ ದೇಶದ ರೋಗಿಗೆ ತನ್ನ ದೇಹವನ್ನು ಹೊಕ್ಕ ಜೀವಾಣುವಿನ ಹೆಸರನ್ನು ತಿಳಿಯುವ ಅವಕಾಶವಿದ್ದು, ಬಡ ದೇಶದ ರೋಗಿಗೆ ಅದು ಇಲ್ಲದಿರುವುದು ವಿಧಿಯ ನಿಯಮವಲ್ಲ. ಮನುಷ್ಯರು ಮಾಡಿಕೊಂಡ ಏರ್ಪಾಟು. ಮನುಷ್ಯರು ಮಾಡಿದ್ದನ್ನು ಮನುಷ್ಯರೇ ತಿದ್ದಬಹುದು. ಒಮ್ಮೆ ಸೂಕ್ಷ್ಮದರ್ಶಕವನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತಲುಪಿಸಿದ ನಾಡಿಗೆ ಅದಕ್ಕಿಂತ ಚುರುಕಾದ ಕಣ್ಣನ್ನು ತಲುಪಿಸುವುದು ಅಸಾಧ್ಯವಾಗಲಾರದು. ಔಷಧದ ಮೊದಲ ಗುಳಿಗೆಗಿಂತ ಮುಂಚೆ ರೋಗಿಗೆ ಸಲ್ಲಬೇಕಾದ ಮದ್ದು ಒಂದಿದೆ. ಅದು ಅವನ ರೋಗದ ನಿಜವಾದ ಹೆಸರು.